ಕೆರೆಯಿಂದ ಠಾಣೆಯವರೆಗೆ: ಹೊಸೂರು ಸೀಮೆಯ ಬೆಂಕಿಯ ಚರಿತ್ರೆ

ಕಾಸರಗೋಡಿನ ಓದುಗರಿಗೆ ಹೊಸೂರು ದೂರದ ಊರೆನಿಸಬಹುದು. ಆದರೆ 1956ರವರೆಗೆ ಎರಡೂ ಮದ್ರಾಸ್ ರಾಜ್ಯದಲ್ಲೇ ಇದ್ದವು. ಒಂದು ದಕ್ಷಿಣ ಕನ್ನಡ ಜಿಲ್ಲೆಗೆ, ಇನ್ನೊಂದು ಸೇಲಂ ಜಿಲ್ಲೆಗೆ ಸೇರಿತ್ತು. ಆ ರಾಜ್ಯದ ರಾಜಧಾನಿಯಲ್ಲಿ ಅಗ್ನಿಶಾಮಕ ದಳ 1908ರಲ್ಲೇ ಹುಟ್ಟಿತು. ನಮ್ಮ ಮೂಲೆಯ ಹಳ್ಳಿಗಳಿಗೆ ಅದರ ನೆರವು ಸಿಕ್ಕಿದ್ದು ಬಹಳ ತಡವಾಗಿ.

ಅಲ್ಲಿಯವರೆಗೆ ಊರೇ ಠಾಣೆ. ಹಿರಿಯರಿಂದ ನಾನು ಕೇಳಿದಂತೆ, ತಮಟೆಯ ಸದ್ದಿಗೆ ಜನ ಕೆರೆಯಿಂದ ಮನೆಯವರೆಗೆ ಸಾಲುಗಟ್ಟಿ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಒದ್ದೆ ಗೋಣಿತಾಟು, ಬೇವಿನ ಕೊಂಬೆ, ಮಣ್ಣು ಇವೇ ಉಳಿದ ಆಯುಧಗಳು. ಹುಲ್ಲುಮೆದೆಯನ್ನು ಮನೆಗೆ ತಗುಲಿಸದೆ ದೂರದಲ್ಲಿ ಒಟ್ಟುತ್ತಿದ್ದುದೂ ಬೆಂಕಿಯ ಭಯದಿಂದಲೇ.

1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ಬೆಂಕಿಯ ಸ್ವಭಾವವೇ ಬದಲಾಯಿತು. ಎಣ್ಣೆಯ ಬೆಂಕಿಗೆ ನೀರು ಸುರಿದರೆ ಅದು ಹರಡುತ್ತದೆ. ಅದಕ್ಕೆ ನೊರೆ ಬೇಕು, ತರಬೇತಾದ ಕೈ ಬೇಕು. ಠಾಣೆ ಅನಿವಾರ್ಯವಾಯಿತು. ಆದರೂ ಕೆರೆಯ ಕೆಲಸ ಮುಗಿಯಲಿಲ್ಲ. ಸಾಮಾನ್ಯವಾಗಿ 4,500 ಲೀಟರ್ ನೀರು ಹೊರುವ ವಾಹನ ಪೂರ್ಣ ರಭಸದಲ್ಲಿ ಚಿಮ್ಮಿಸಿದರೆ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಮತ್ತೆ ತುಂಬಿಸಲು ಹತ್ತಿರದಲ್ಲಿ ನೀರಿರಬೇಕು. ಕೆರೆ ಮುಚ್ಚಿ ಬಡಾವಣೆ ಮಾಡಿದ ಊರು ತನ್ನ ಠಾಣೆಯ ಅರ್ಧವನ್ನೇ ಮುಚ್ಚಿದಂತೆ.

ಬೆಂಕಿಗೆ ಗಡಿಯಿಲ್ಲ, ಕಾನೂನಿಗಿದೆ. ಆಚೆ 1964ರ ಅಗ್ನಿಶಾಮಕ ದಳ ಕಾಯಿದೆ, ಈಚೆ ತಮಿಳುನಾಡಿನ 1985ರ ಕಾಯಿದೆ. 2023ರ ಜುಲೈ 29ರಂದು ಕೃಷ್ಣಗಿರಿಯಲ್ಲಿ ಪಟಾಕಿ ದಾಸ್ತಾನಿದ್ದ ಕಟ್ಟಡ ಸಿಡಿಯಿತು. ಅಕ್ಟೋಬರ್ 7ರಂದು ಗಡಿಯಾಚೆಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆ ಹೊತ್ತಿ ಉರಿಯಿತು. ಕರ್ನಾಟಕದ ನೆಲದ ಆ ಬೆಂಕಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ತಮಿಳುನಾಡಿನಿಂದ ದೀಪಾವಳಿಯ ಕೆಲಸಕ್ಕೆ ಬಂದಿದ್ದ ಯುವಕರು. ಶೋಕ ಎರಡೂ ಕಡೆಯದು.

ಕನ್ನಡ ಮನೆಗಳವರು ಇದರಿಂದ ಕಲಿಯಬೇಕಾದದ್ದುಂಟು. ಗಡಿಯಂಚಿನಲ್ಲಿ 101 ಅಥವಾ 112ಕ್ಕೆ ಮಾಡಿದ ಕರೆ ನೆರೆಯ ರಾಜ್ಯಕ್ಕೂ ಹೋಗಬಹುದು. ಹಾಗಾಗಿ ಮೊದಲು ರಾಜ್ಯ, ತಾಲ್ಲೂಕು, ಆಮೇಲೆ ಊರು ಹೇಳಬೇಕು. ನಮ್ಮ ಹೊಸೂರು ತಮಿಳಿನಲ್ಲಿ ಓಸೂರ್. ನಮ್ಮ ಡೆಂಕಣಿಕೋಟೆ ಅವರಿಗೆ ತೇನ್‌ಕನಿಕ್ಕೋಟ್ಟೈ. ಎರಡೂ ಹೆಸರು ಮಕ್ಕಳ ನಾಲಗೆಯಲ್ಲಿರಲಿ. ಮನೆಮಾತನ್ನು ಉಳಿಸಿಕೊಳ್ಳುವುದು ನಮ್ಮ ಹಕ್ಕು. ಮನೆ ಉರಿಯುವಾಗ ನೆರೆಯವನಿಗೆ ತಿಳಿಯುವಂತೆ ಕೂಗುವುದು ನಮ್ಮ ಜಾಣ್ಮೆ. ಕೆರೆಗೆ ವಾಹನ ಇಳಿಯುವ ದಾರಿಯನ್ನು ಒತ್ತುವರಿಯಾಗದಂತೆ ಕಾಯುವುದಂತೂ ಎಲ್ಲ ಭಾಷೆಯವರ ಹೊಣೆ.