ಅಂತರಗಂಗೆಯೆಂಬ ಹೆಸರೂ ಪರದೇಶದ ಜಲಸಸ್ಯವೂ

ಉಬ್ಬಿದ ತೊಟ್ಟುಗಳ ಬಲದಿಂದ ನೀರಿನ ಮೇಲೆ ತೇಲುತ್ತ, ತೆಳುನೇರಳೆಯ ಹೂಗೊಂಚಲನ್ನೆತ್ತಿ ಕೆರೆಯನ್ನೆಲ್ಲ ಮುಚ್ಚಿಬಿಡುವ ಗಿಡವೊಂದನ್ನು ಕನ್ನಡನಾಡಿನ ಹಲವೆಡೆ ಜನರು ಅಂತರಗಂಗೆಯೆಂದು ಕರೆಯುವರು. ಹೆಸರು ಹಳೆಯದು, ಗಿಡವು ಹೊಸದು. ಮೊದಲು ಆ ಹೆಸರನ್ನು ಹೊತ್ತಿದ್ದುದು ಎಲೆಕೋಸಿನಂತೆ ತೇಲುವ ಬೇರೊಂದು ಸಸ್ಯವು. ಅಮರಸಿಂಹನು ವಾರಿಪರ್ಣೀ, ಕುಂಭಿಕಾ ಎಂದಿರುವುದು ಅದನ್ನೇ ಎಂದು ಹೇಳುವರು. ತಾವರೆ, ನೈದಿಲೆ, ಶೈವಲಗಳಿಗೆ ಪರ್ಯಾಯಪದಗಳನ್ನು ಧಾರಾಳವಾಗಿ ಕೊಟ್ಟ ಆ ಕೋಶಕಾರನಲ್ಲಿ ಈ ನೇರಳೆಹೂವಿನ ಗಿಡಕ್ಕೆ ಪದವಿಲ್ಲ. ಇರುವುದಾದರೂ ಹೇಗೆ? ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದು ಬಂಗಾಳವನ್ನು ಸೇರಿತು. ಹೂವಿನ ಚೆಲುವೇ ಇದಕ್ಕೆ ರಹದಾರಿಯಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯವರು ಇದನ್ನು 'ಜರ್ಮನ್ ಪಾನಾ' ಎಂದರು. ಉಪದ್ರವಕ್ಕೆ ಶತ್ರುವಿನ ಹೆಸರಿಡುವುದು ಜನಕ್ಕೆ ಸುಲಭವಷ್ಟೆ. 1936ರಲ್ಲಿ ಇದೊಂದರ ನಿಗ್ರಹಕ್ಕಾಗಿಯೇ ಬಂಗಾಳದಲ್ಲಿ ಕಾಯಿದೆಯಾಯಿತು.

ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲುಸೀಮೆಗೆ ಕೆರೆಯೇ ಪ್ರಾಣ. ಸಖರಾಯಪಟ್ಟಣದ ಅಯ್ಯನಕೆರೆಯನ್ನು ರುಕ್ಮಾಂಗದರಾಯನು ಕಟ್ಟಿಸಿದನೆಂಬ ಐತಿಹ್ಯವುಂಟು. ಮದಗದ ಕೆರೆಯಂತೂ ಜನಪದ ಗೀತದಿಂದ ನಾಡಿಗೆಲ್ಲ ಪರಿಚಿತವಾಗಿದೆ. ಇಂತಹ ಕೆರೆಗಳಲ್ಲಿ ಈ ಕಳೆಯು ಹೊಕ್ಕರೆ ತೂಬು ಕಟ್ಟುವುದು, ಕೆಳಗಿನ ನೀರಿಗೆ ಬೆಳಕೂ ಗಾಳಿಯೂ ತಪ್ಪಿ ಮೀನು ಸಾಯುವುದು. ಬೇಸಗೆಯಲ್ಲಿ ಕೆರೆ ಬತ್ತಿದರೆ ಕಳೆಯೂ ಸತ್ತಿತೆಂದು ನೆಮ್ಮದಿಪಡುವಂತಿಲ್ಲ. ಇದರ ಬೀಜವು ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿದ್ದು, ಮತ್ತೆ ನೀರು ಬಂದಾಗ ಮೊಳೆಯಬಲ್ಲದು.

ಇನ್ನೊಂದು ಸಂಗತಿಯುಂಟು. ಪೂರ್ವದಲ್ಲಿ ತರೀಕೆರೆಯ ಕಡೆಯ ಭದ್ರೆಯೂ ಕಡೂರಿನ ಕಡೆಯ ವೇದಾವತಿಯೂ ದೂರದಲ್ಲಿ ತುಂಗಭದ್ರೆಯ ಮೂಲಕವಲ್ಲದೆ ಕೂಡುತ್ತಿರಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರು ಸುರಂಗವನ್ನು ಕೊರೆದು, 2019ರಿಂದ ಭದ್ರೆಯ ನೀರನ್ನು ವಾಣಿವಿಲಾಸ ಸಾಗರದ ಕಡೆಗೆ ಹರಿಸಲಾಗಿದೆ. ಬರಗಾಲದ ಸೀಮೆಗೆ ಇದು ಭಾಗ್ಯವೇ ಸರಿ. ಆದರೆ ನೀರಿಗೆ ತೆರೆದ ದಾರಿಯು ಬೀಜಕ್ಕೂ ತೆರೆದಿರುವುದು.

ಬೆಂಗಳೂರಿನಲ್ಲಿ 1980ರ ದಶಕದಲ್ಲಿ ವಿಜ್ಞಾನಿಗಳು ಇದರ ತವರಿನ ಮೂತಿಹುಳುಗಳನ್ನೇ ತರಿಸಿ, ಪರೀಕ್ಷಿಸಿ, ಸುತ್ತಣ ಕೆರೆಗಳಲ್ಲಿ ಬಿಟ್ಟರು. ಕೆಲವು ಕೆರೆಗಳಲ್ಲಿ ಕಳೆಯು ಕುಗ್ಗಿತು; ಆದರೆ ಅದಕ್ಕೆ ವರ್ಷಗಳು ಹಿಡಿದವು. ಊರಿನ ಕಕ್ಕಸುನೀರು ಸೇರಿ ಕೊಬ್ಬಿದ ಕೆರೆಯಲ್ಲಿ ಹುಳುವಿನ ಹಸಿವಿಗಿಂತ ಗಿಡದ ಬೆಳವಣಿಗೆಯೇ ಮುಂದಾಗುವುದು. ಆದುದರಿಂದ ಗಿಡವು ಹತ್ತಿಪ್ಪತ್ತು ಇರುವಾಗಲೇ, ಹೂವಾಗುವ ಮೊದಲೇ, ಕೈಯಿಂದ ಕೀಳುವುದು ಮೇಲು. ಕಿತ್ತುದನ್ನು ಏರಿಯ ಒಳಮೈಯಲ್ಲಿ ರಾಶಿಹಾಕಿದರೆ ಮೊದಲ ಮಳೆಗೇ ಅದು ಕೆರೆಗೆ ಮರಳುವುದು. ದೂರದ ಗೊಬ್ಬರದ ಗುಂಡಿಗೆ ಸಾಗಿಸಬೇಕು.