ಬೈಕಿಗೂ ಮೂಗುದಾರ ಬಂದ ಕಥೆ

ಓಡೋ ಗಾಡಿಯನ್ನ ಇನ್ನೊಂದು ಗಾಡಿಯ ಮೇಲೆ ಹೊತ್ಕೊಂಡು ಹೋಗೋದು ಅಂದ್ರೆ ನಮ್ಮ ಕಡೆಯವರಿಗೆ ಸ್ವಲ್ಪ ತಮಾಷೆಯಾಗೇ ಕಾಣುತ್ತೆ. "ಯಾಕೆ, ಕೆಟ್ಟುಹೋಯ್ತಾ?" ಅಂತ ಕೇಳೋದೇ ಸಹಜ. ಆದರೆ ನಾನಿರುವ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆಯಾದರೆ ಸಾಕು, ಮರುಭೂಮಿಯ ಕಡೆಗೆ ಪಿಕಪ್ಪುಗಳ ಸಾಲು. ಹಿಂದೆ ಟ್ರೇಲರ್, ಟ್ರೇಲರ್ ಮೇಲೆ ಎರಡೋ ಮೂರೋ ಡರ್ಟ್ ಬೈಕು. ಎಷ್ಟೋ ಬೈಕಿಗೆ ಹೆಡ್‌ಲೈಟೂ ಇರಲ್ಲ, ಇಂಡಿಕೇಟರೂ ಇರಲ್ಲ. ಹ್ಯಾಂಡಲ್ಲಿನಿಂದ ಎರಡೂ ಕಡೆಗೆ ಬಿಗಿದ ಬೆಲ್ಟುಗಳು, ಮೂಗುದಾರ ಹಾಕಿ ಎರಡು ಕಡೆಯಿಂದ ಹಿಡಿದ ಹೋರಿಯ ಹಾಗೆ!

ಆಫೀಸಿನಲ್ಲಿ ಈ ಹುಚ್ಚಿರುವವರೊಬ್ಬರು ಒಮ್ಮೆ ಹೇಳಿದ್ದರು, "ಓಡಿಸೋದು ಒಂದು ವಾರದಲ್ಲಿ ಬರುತ್ತೆ, ಕಟ್ಟೋದು ಬರೋಕೆ ಒಂದು ವರ್ಷ ಬೇಕು" ಅಂತ. ಒಂದು ಬೈಕು ಕಟ್ಟೋದರಲ್ಲಿ ಅಂಥದ್ದೇನಿದೆ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ಒಂದು ಒಳ್ಳೆ ಇತಿಹಾಸ.

ಮೊದಲು ಯಾರೂ ಬೈಕನ್ನ ಹೊತ್ಕೊಂಡು ಹೋಗ್ತಿರಲಿಲ್ಲ. ಇಂಗ್ಲೆಂಡಿನ ಸರ್ರೆಯ ಕ್ಯಾಂಬರ್ಲಿಯಲ್ಲಿ 1924ರ ಮಾರ್ಚ್ 29ರಂದು ನಡೆದ ಸ್ಕ್ರ್ಯಾಂಬಲ್ ಅನ್ನೇ ಮೋಟೋಕ್ರಾಸ್‌ನ ಮೂಲ ಅಂತಾರೆ. ಆಗಿನ ಪದ್ಧತಿ ಸರಳ. ದಿನಾ ಕೆಲಸಕ್ಕೆ ಹೋಗೋ ಬೈಕಿನಲ್ಲೇ ಭಾನುವಾರ ಪಂದ್ಯಕ್ಕೆ ಹೋಗೋದು, ಅಲ್ಲಿ ದೀಪ ಬಿಚ್ಚಿಟ್ಟು ಗುಡ್ಡ ಹತ್ತಿಸೋದು, ಸಂಜೆ ಮತ್ತೆ ದೀಪ ಸಿಕ್ಕಿಸಿಕೊಂಡು ಅದರಲ್ಲೇ ಮನೆಗೆ ವಾಪಸ್. ಒಂದೇ ಬೈಕು, ಎರಡು ಅವತಾರ. ಕಟ್ಟುವ ಪ್ರಶ್ನೆಯೇ ಇಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆಟ ದೊಡ್ಡದಾಯ್ತು. 1947ರಲ್ಲಿ ಹಾಲೆಂಡಿನಲ್ಲಿ ಮೊದಲ 'ಮೋಟೋಕ್ರಾಸ್ ಆಫ್ ನೇಷನ್ಸ್', 1957ರಲ್ಲಿ 500 ಸಿಸಿಗೆ ವಿಶ್ವ ಚಾಂಪಿಯನ್‌ಷಿಪ್. ಗೆಲ್ಲಬೇಕಾದರೆ ಬೈಕು ಹಗುರವಾಗಬೇಕು, ಹಗುರವಾಗಬೇಕಾದರೆ ರಸ್ತೆಗೆ ಬೇಕಾದ ಸಾಮಾನೆಲ್ಲ ಹೋಗಬೇಕು. ಹಾಗೆ ದೀಪ, ಹಾರ್ನ್ ಎಲ್ಲ ಶಾಶ್ವತವಾಗಿ ಹೋದವು. ಈಗ ಪಂದ್ಯಕ್ಕೆ ಹೋಗೋದು ಹೇಗೆ? ಕೆಲವರು ಸೈಡ್‌ಕಾರಿನ ತೊಟ್ಟಿ ತೆಗೆದು ಆ ಜಾಗಕ್ಕೆ ಹಲಗೆ ಹಾಕಿ, ಪಂದ್ಯದ ಬೈಕನ್ನ ಅದರ ಮೇಲೆ ನಿಲ್ಲಿಸಿಕೊಂಡು ಹೋದರು. ಬೈಕಿನ ಪಕ್ಕ ಬೈಕು! ಆಗ ಕಟ್ಟೋಕೆ ಹಗ್ಗವೇ ಸಾಕಾಗ್ತಿತ್ತು. ಯಾಕಂದ್ರೆ ಆ ಬೈಕುಗಳ ಸ್ಪ್ರಿಂಗ್ ಅಲ್ಲಾಡ್ತಿದ್ದದ್ದೇ ಕಮ್ಮಿ.

ನಂತರ ಬಂದವು ಹಗುರ ಟೂ-ಸ್ಟ್ರೋಕ್‌ಗಳು. ಸ್ವೀಡನ್ನಿನ ಹಸ್ಕ್‌ವರ್ನ, ಚೆಕೊಸ್ಲೊವಾಕಿಯಾದ ಸೀಝಡ್. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆಗಿದ್ದು ಸೀಝಡ್ ಮೇಲೆ. ಮೈಸೂರಿನವರಿಗೆ ಈ ಹೆಸರು ತೀರಾ ಹೊರಗಿನದಲ್ಲ. ನಮ್ಮ ಐಡಿಯಲ್ ಜಾವಾ ಕಾರ್ಖಾನೆಗೆ (1996ರಲ್ಲಿ ಮುಚ್ಚಿತು, ಪಾಪ) ತಂತ್ರಜ್ಞಾನ ಕೊಟ್ಟ ಜಾವಾದ ಒಡಹುಟ್ಟಿನಂಥ ಕಂಪನಿ ಈ ಸೀಝಡ್. ಈ ಪಂದ್ಯದ ಬೈಕುಗಳ ತೂಕ ಹೆಚ್ಚುಕಮ್ಮಿ 100 ಕಿಲೋ. ಇಬ್ಬರು ಸೇರಿದರೆ ಎತ್ತಿ ಟ್ರೇಲರ್ ಮೇಲೆ ಇಡಬಹುದು.

1966ರಲ್ಲಿ ಎಡಿಸನ್ ಡೈ ಅನ್ನೋ ವ್ಯಾಪಾರಿ ಹಸ್ಕ್‌ವರ್ನ ಸವಾರ ಟಾರ್ಸ್ಟೆನ್ ಹಾಲ್‌ಮನ್‌ನನ್ನ ಅಮೆರಿಕಕ್ಕೆ ಕರೆಸಿದ. ಅಮೆರಿಕದವರು ಬೆರಗಾದರು. 1968ಕ್ಕೆ ಯಮಾಹಾ ಡಿಟಿ-1 ಬಂತು, 1971ರಲ್ಲಿ 'ಆನ್ ಎನಿ ಸಂಡೇ' ಅನ್ನೋ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಸವಾರ ಮರ್ಟ್ ಲಾವಿಲ್ ಬೈಕನ್ನ ವ್ಯಾನಿನಲ್ಲಿ ಹಾಕ್ಕೊಂಡು ದೇಶವೆಲ್ಲ ಸುತ್ತಿ ಪಂದ್ಯ ಆಡೋದನ್ನ ತೋರಿಸಿದಾರೆ. ಮರುಭೂಮಿ ಬೈಕುಗಳಿಂದ ತುಂಬಿಹೋಯ್ತು. 1974ರ ಬಾರ್‌ಸ್ಟೋ–ವೆಗಾಸ್ ಪಂದ್ಯಕ್ಕೆ ಸುಮಾರು 3,000 ಸವಾರರು! ನೆಲ, ಗಿಡ, ಆಮೆ ಎಲ್ಲದಕ್ಕೂ ಹಾನಿ ಅಂತ ಗಲಾಟೆಯಾಗಿ ಮುಂದಿನ ವರ್ಷ ಅದಕ್ಕೆ ಅನುಮತಿಯೇ ಸಿಗಲಿಲ್ಲ. ಅಷ್ಟರಲ್ಲಿ ಕಾನೂನೂ ಬಂದಿತ್ತು. 1971ರಲ್ಲಿ ಕ್ಯಾಲಿಫೋರ್ನಿಯಾ ರಸ್ತೆಯಾಚೆಗಿನ ವಾಹನಗಳಿಗೇ ಬೇರೆ ಕಾಯಿದೆ ಮಾಡಿತು, 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಜಮೀನಿನಲ್ಲಿ ಇವು ಎಲ್ಲೆಲ್ಲಿ ಓಡಬಹುದು ಅಂತ ಗುರುತಿಸೋಕೆ ಆದೇಶ ಹೊರಡಿಸಿದರು. ಅಂದ್ರೆ ಓಡಿಸೋ ಜಾಗ ದೂರವಾಯ್ತು, ಅಲ್ಲಿಗೆ ಹೋಗೋ ರಸ್ತೆ ಬೈಕಿಗೆ ನಿಷಿದ್ಧವಾಯ್ತು. ಅಲ್ಲಿಗೆ ಡರ್ಟ್ ಬೈಕು ಪೂರ್ತಿಯಾಗಿ 'ಸರಕು' ಆಯ್ತು ನೋಡಿ.

ನಿಜವಾದ ಫಜೀತಿ ಶುರುವಾಗೋದು ಇಲ್ಲಿಂದ. ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಹಿಂದಿನ ಚಕ್ರಕ್ಕೆ ಒಂದೇ ಉದ್ದನೆ ಶಾಕ್ ಅಬ್ಸಾರ್ಬರ್ ಇಡೋ ಉಪಾಯ ಕಂಡುಹಿಡಿದ. ಯಮಾಹಾ ಅದನ್ನ ಕೊಂಡುಕೊಂಡು 1973ರಲ್ಲಿ 250 ಸಿಸಿ ವಿಶ್ವ ಪಟ್ಟ ಗೆದ್ದಿತು. ಆಮೇಲೆ ಎಲ್ಲ ಕಂಪನಿಗಳೂ ಪೈಪೋಟಿಗೆ ಬಿದ್ದವು. 70ರ ದಶಕದ ಶುರುವಿನಲ್ಲಿ ಹಿಂದಿನ ಚಕ್ರ 100 ಮಿಲಿಮೀಟರ್ ಮೇಲೆ ಕೆಳಗೆ ಆಡಿದರೆ ಹೆಚ್ಚು. ಹತ್ತೇ ವರ್ಷದಲ್ಲಿ ಅದು 300ರ ಹತ್ತಿರ ಬಂತು. ಎಷ್ಟೆತ್ತರದಿಂದ ಹಾರಿದರೂ ಬೈಕು ನುಂಗಿಕೊಳ್ಳುತ್ತೆ. ಆದರೆ ಒಂದು ಅಡಿ ಮೇಲೆ ಕೆಳಗೆ ತೂಗಾಡೋ ವಸ್ತುವನ್ನ ಕಟ್ಟೋದು ಹೇಗೆ ಹೇಳಿ?

ಬೆಲ್ಟ್ ಎಳೆದು ಮುಂದಿನ ಫೋರ್ಕನ್ನ ಅದುಮಿ ಕಟ್ಟಬೇಕು. ಅದುಮಿದ ಸ್ಪ್ರಿಂಗ್ ಮೇಲಕ್ಕೆ ಒತ್ತುತ್ತಾ ಇರುತ್ತೆ, ಆ ಒತ್ತಡವೇ ಬೆಲ್ಟನ್ನ ಬಿಗಿಯಾಗಿ ಇಡೋದು. ರಸ್ತೆಯ ಗುಂಡಿ ಅದಕ್ಕಿಂತ ಜೋರಾಗಿ ಬೈಕನ್ನ ಕೆಳಕ್ಕೆ ತಳ್ಳಿತು ಅನ್ನಿ, ಒಂದು ಕ್ಷಣ ಬೆಲ್ಟ್ ಸಡಿಲ. ಆ ಒಂದು ಕ್ಷಣದಲ್ಲಿ ಕೊಕ್ಕೆ ಕಳಚಿಕೊಂಡರೆ ಮುಗೀತು, ಬೈಕು ವಾಲುತ್ತೆ. ಕಮ್ಮಿ ಅದುಮಿದರೆ ಬೀಳುತ್ತೆ, ಜಾಸ್ತಿ ಅದುಮಿದರೆ ಫೋರ್ಕಿನ ಆಯಿಲ್ ಸೀಲಿಗೆ ಪೆಟ್ಟು. ಅದಕ್ಕೇ ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಮರದ ತುಂಡು ಸಿಕ್ಕಿಸೋ ಉಪಾಯ ಬಂತು. ಫೋರ್ಕು ಇನ್ನೂ ಕೆಳಗೆ ಇಳಿಯೋಕೆ ಜಾಗವೇ ಇಲ್ಲದಿದ್ದರೆ ಬೆಲ್ಟ್ ಸಡಿಲವಾಗೋದಾದರೂ ಎಲ್ಲಿಂದ? ಈಗ ಅದೇ ತುಂಡು ಪ್ಲಾಸ್ಟಿಕ್ಕಿನಲ್ಲಿ ಅಂಗಡಿಯಲ್ಲೇ ಸಿಗುತ್ತೆ.

ಬೆಲ್ಟಿಗೂ ಒಂದು ಕಥೆಯಿದೆ. ನಾರಿನ ಹಗ್ಗ ಮಳೆಗೆ ನೆನೆದರೆ ಬಿಗಿಯುತ್ತೆ, ಒಣಗಿದರೆ ಸಡಿಲವಾಗುತ್ತೆ. ಹುಲ್ಲಿನ ಗಾಡಿ ಕಟ್ಟಿದವರಿಗೆಲ್ಲ ಗೊತ್ತು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನೈಲಾನ್ ಗಟ್ಟಿ, ಆದರೆ ಎಳೆದರೆ ಹಿಗ್ಗುತ್ತೆ. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್, ಡಿಕ್ಸನ್ ಕಂಡುಹಿಡಿದ ಪಾಲಿಯೆಸ್ಟರ್ ಅಷ್ಟು ಹಿಗ್ಗಲ್ಲ, ನೀರಿಗೂ ಬಗ್ಗಲ್ಲ. ನಮ್ಮ ಟೆರಿಲಿನ್ ಶರಟಿನ ಅದೇ ದಾರ! ಯುರೋಪಿನ ನಿಯಮದ ಪ್ರಕಾರ ಬೆಲ್ಟಿನ ಚೀಟಿ ನೀಲಿಯಾಗಿದ್ದರೆ ಪಾಲಿಯೆಸ್ಟರ್, ಹಸಿರಾದರೆ ನೈಲಾನ್, ಕಂದಾದರೆ ಪಾಲಿಪ್ರೊಪಿಲೀನ್.

"ಇಷ್ಟೆಲ್ಲ ಯಾಕೆ? ಬಿದ್ದರೆ ಬೈಕು ತಾನೇ?" ಅನ್ನಬಹುದು. ಬಿದ್ದರೆ ಬೀಳೋದು ಹಿಂದೆ ಬರುತ್ತಿರುವವರ ಮುಂದೆ. ಅವರಿಗೆ ನಿಮ್ಮ ಆಟಕ್ಕೂ ಸಂಬಂಧವಿಲ್ಲ, ನಿಮ್ಮ ಗಂಟಿಗೂ ಸಂಬಂಧವಿಲ್ಲ. 2002ರಲ್ಲಿ ಪ್ರಕಟವಾಗಿ 2004ರಿಂದ ಕಡ್ಡಾಯವಾದ ಅಮೆರಿಕದ ಸರಕು ನಿಯಮ ಲಾರಿಯವರಿಗೆ ಹೇಳೋದು ಇದನ್ನೇ: ಕಟ್ಟು ಮುಂದಕ್ಕೆ ಗುರುತ್ವದ 0.8 ಪಾಲು, ಹಿಂದಕ್ಕೂ ಪಕ್ಕಕ್ಕೂ 0.5 ಪಾಲು ತಡೀಬೇಕು. 110 ಕಿಲೋ ಬೈಕಿಗೆ ಲೆಕ್ಕ ಹಾಕಿ, ಬ್ರೇಕ್ ಒತ್ತಿದಾಗ 88 ಕಿಲೋ ಭಾರದಷ್ಟು ಬಲ ಮುಂದಕ್ಕೆ ನುಗ್ಗುತ್ತೆ. ಅದಕ್ಕೇ ಮುಂದಿನ ಚಕ್ರಕ್ಕೆ ಒಂದು ಗಟ್ಟಿ ತಡೆ, ಮುಂದೆ ಎರಡು ಬೆಲ್ಟ್, ಹಿಂದೆ ಎರಡು. ಟ್ರೇಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಎಳೆಯೋ ಗಾಡಿಯ ಕೊಂಡಿಯ ಮೇಲೆ ಕೂತಿರಬೇಕು. ಭಾರ ಹಿಂದೆ ಸರಿದರೆ ಟ್ರೇಲರ್ ಬಾಲ ಬೀಸೋಕೆ ಶುರು ಮಾಡುತ್ತೆ.

ನನಗೆ ಇದರಲ್ಲಿ ಕುತೂಹಲ ಅನ್ನಿಸಿದ್ದು ಏನಪ್ಪಾ ಅಂದ್ರೆ, ಬೈಕು ಕೆಟ್ಟದಾಗಿದ್ದಾಗ ಅದನ್ನ ಕಟ್ಟೋದು ಸುಲಭವಿತ್ತು. ಅದು ಒಳ್ಳೆಯದಾಗ್ತಾ ಹೋದ ಹಾಗೆ ಕಟ್ಟೋದು ಕಷ್ಟವಾಯ್ತು. ಮಣ್ಣಿನಲ್ಲಿ ಸವಾರನ ಬೆನ್ನು ಕಾಯೋ ಸ್ಪ್ರಿಂಗೇ ಟ್ರೇಲರ್ ಮೇಲೆ ಶತ್ರು. ಟ್ರೇಲರ್ ಮೇಲಿರುವಷ್ಟು ಹೊತ್ತು ಅದರ ಆಟ ನಿಲ್ಲಿಸಬೇಕು, ಅಷ್ಟೇ.

ಅದೇ ಅಮೆರಿಕದ ನಿಯಮದಲ್ಲಿ ಇನ್ನೊಂದು ಮಾತಿದೆ: ಹೊರಟ ಮೇಲೆ ಮೊದಲ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಕಟ್ಟು ನೋಡಬೇಕು. ನಮ್ಮ ಲಾರಿ ಕ್ಲೀನರ್ ಹುಡುಗರಿಗೆ ಇದನ್ನ ಯಾರೂ ಬರೆದು ಕೊಟ್ಟಿಲ್ಲ. ಆದರೂ ಟೀಗೆ ನಿಲ್ಲಿಸಿದಾಗ ಗಾಡಿಗೆ ಒಂದು ಸುತ್ತು ಬಂದು, ಟೈರಿಗೆ ಒಂದು ಏಟು, ಹಗ್ಗಕ್ಕೆ ಒಂದು ಜಗ್ಗು ಹಾಕದೆ ಅವರು ಲೋಟ ಮುಟ್ಟಲ್ಲ. ನೀವೂ ಏನಾದರೂ ಕಟ್ಟಿಕೊಂಡು ಹೊರಟರೆ, ಬೈಕಾಗಲಿ ಬೀರುವಾಗಲಿ, ಮೊದಲ ಟೀ ಸ್ವಲ್ಪ ಬೇಗ ಕುಡೀರಿ. :-)