ಎರೆಹೊಲದ ಬೇರಿನ ಒಳಗೆ

ಜೋಳದ ಬೇರನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳುವಾದ ಹೊರಪದರ, ಅಗಲವಾದ ತೊಗಟೆ, ಒಂದೇ ಸಾಲು ಕೋಶಗಳ ಒಳಚರ್ಮ, ನಡುವೆ ನೀರು ಸಾಗಿಸುವ ಕ್ಸೈಲಂ ನಾಳಗಳು ಕಾಣುತ್ತವೆ. ಈ ಕ್ರಮ ಹುಟ್ಟಿನಿಂದ ಬಂದದ್ದು. ಪದರಗಳ ದಪ್ಪ, ಪೊಳ್ಳು, ಲೇಪನ ಮಾತ್ರ ಬಹುಮಟ್ಟಿಗೆ ಮಣ್ಣು-ನೀರಿನ ಕೈಯಲ್ಲಿದೆ.

ಹುನಗುಂದ, ಇಳಕಲ್ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಬೆಳೆಯುವುದು ಹೆಚ್ಚಾಗಿ ಮಣ್ಣು ಹಿಡಿದಿಟ್ಟ ತೇವದ ಮೇಲೆಯೇ. ತೇವ ಇಳಿದಂತೆ ಒಳಚರ್ಮದ ಗೋಡೆಗಳಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ಹೆಚ್ಚಾಗಿ ತುಂಬುತ್ತದೆ. ಬೇರಿನ ನೀರು ಒಣಮಣ್ಣಿಗೆ ಮರಳಿ ಸೋರುವುದು ಕಡಿಮೆಯಾಗುತ್ತದೆ. ಜೋಳದ ವಿಶೇಷ ಇನ್ನೊಂದಿದೆ: ಅದೇ ಕೋಶಗಳ ಒಳಗೋಡೆಯಲ್ಲಿ ಸಿಲಿಕಾ ಕಣಗಳು ಸಾಲಾಗಿ ಕೂಡುತ್ತವೆ. ಬರ ತಾಳುವ ಅದರ ಶಕ್ತಿಗೆ ಇದೂ ಒಂದು ಕಾರಣವೆಂದು ಸಸ್ಯವಿಜ್ಞಾನಿಗಳು ಭಾವಿಸುತ್ತಾರೆ.

ನೀರು ನಿಂತರೆ ಎಲ್ಲವೂ ತಿರುವುಮುರುವು. ಮಲಪ್ರಭಾ, ಘಟಪ್ರಭಾ ಕಾಲುವೆ ಪ್ರದೇಶದ ಜವಳು ಹೊಲದಲ್ಲಿ ಬೇರಿಗೆ ಆಮ್ಲಜನಕ ಸಾಲದು. ಆಗ ಬೇರಿನಲ್ಲಿ ಎಥಿಲೀನ್ ಅನಿಲ ಕೂಡಿಕೊಂಡು ತೊಗಟೆಯ ಕೆಲವು ಕೋಶಗಳು ಸಾಯುತ್ತವೆ. ಉಳಿದ ಪೊಳ್ಳುಗಳ ಮೂಲಕ ಕಾಂಡದಿಂದ ಬೇರುತುದಿಗೆ ಗಾಳಿ ಇಳಿಯುತ್ತದೆ. ಭತ್ತದ ಬೇರಿನಲ್ಲಿ ಇಂಥ ಗಾಳಿದಾರಿ ನೀರು ನಿಲ್ಲದಿದ್ದರೂ ಇರುತ್ತದೆ. ಗೋವಿನಜೋಳದಲ್ಲಿ ಅದು ಮುಖ್ಯವಾಗಿ ಕಷ್ಟ ಬಂದಾಗ ಮೂಡುವಂಥದ್ದು.

ಸವಳು ಮಣ್ಣಿನಲ್ಲಿ ಉಪ್ಪನ್ನು ತಡೆಯುವ ಒಳಚರ್ಮದ ಪಟ್ಟಿ ಬೇರುತುದಿಗೆ ಹತ್ತಿರದಲ್ಲೇ ಬಲಿಯುತ್ತದೆ. ಬಾದಾಮಿಯ ಮರಳುಗಲ್ಲು ಗುಡ್ಡಗಳ ಅಂಚಿನಲ್ಲಿ ಗಟ್ಟಿ ಪದರ ಎದುರಾದರೆ ಬೇರಿನ ಉದ್ದ ಕುಗ್ಗಿ, ತೊಗಟೆ ಕೋಶಗಳು ಅಡ್ಡಕ್ಕೆ ಹಿಗ್ಗಿ, ಬೇರು ದಪ್ಪಗಾಗುತ್ತದೆ.